ರಸ್ತೆಗೆ ಬಿಡುವ ಮೊದಲು: ಡ್ರೈವಿಂಗ್ ಸ್ಕೂಲಿನ ಮೇಷ್ಟ್ರುಗಳಿಗೆ ಬಹಿರಂಗ ಪತ್ರ

ಕರ್ನಾಟಕದ ಊರೂರುಗಳಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿರುವ ಮಾಲೀಕರಿಗೂ, ಬೆಳಕು ಹರಿಯುವ ಮೊದಲೇ 'ಎಲ್' ಬೋರ್ಡಿನ ಕಾರಿನ ಎಡಗಡೆ ಸೀಟಿನಲ್ಲಿ ಬಂದು ಕೂರುವ ಮೇಷ್ಟ್ರುಗಳಿಗೂ ನಮಸ್ಕಾರ.

ರಸ್ತೆ ಸುರಕ್ಷತೆಯ ಬಗ್ಗೆ ಪತ್ರ ಬರೆಯುವವರು ಸಾಮಾನ್ಯವಾಗಿ ಸಾರಿಗೆ ಮಂತ್ರಿಗಳಿಗೆ ಬರೆಯುತ್ತಾರೆ, ಪೊಲೀಸ್ ಕಮಿಷನರಿಗೆ ಬರೆಯುತ್ತಾರೆ, ಗುಂಡಿ ಮುಚ್ಚದ ಎಂಜಿನಿಯರುಗಳಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮಲ್ಲಿ ಒಬ್ಬ ಮನುಷ್ಯ ಗಾಡಿ ಓಡಿಸುವುದನ್ನು ಕ್ರಮವಾಗಿ ಕಲಿಯುವುದು ಬದುಕಿನಲ್ಲಿ ಒಂದೇ ಸಲ, ಅದೂ ನಿಮ್ಮ ಬಳಿ. ಆಮೇಲೆ ಅವನ ಪಕ್ಕದಲ್ಲಿ ಕೂತು ತಿದ್ದುವವರು ಯಾರೂ ಇರುವುದಿಲ್ಲ. ಪೊಲೀಸರು ಹಿಡಿದರೆ ದಂಡ ಹಾಕಿ ಕಳಿಸುತ್ತಾರೆ. ಅಪ್ಪ ಅಮ್ಮ 'ನಿಧಾನವಾಗಿ ಹೋಗಪ್ಪ' ಅನ್ನುತ್ತಾರೆ. ಎಲ್ಲಿ ನಿಧಾನ, ಯಾಕೆ ನಿಧಾನ, ಎಷ್ಟು ನಿಧಾನ ಎಂದು ಬಿಡಿಸಿ ಹೇಳುವ ಅವಕಾಶ ಇರುವುದು ನಿಮಗೊಬ್ಬರಿಗೇ. ನೀವು ಹಾಕಿಕೊಟ್ಟ ಅಭ್ಯಾಸ ನಲವತ್ತು ವರ್ಷ ಅವನ ಕೈಕಾಲಿನಲ್ಲಿ ಉಳಿಯುತ್ತದೆ. ನೀವು ಹೇಳದೆ ಬಿಟ್ಟದ್ದೂ ಹಾಗೆಯೇ ಉಳಿಯುತ್ತದೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದು ಕೇಂದ್ರ ಸಾರಿಗೆ ಸಚಿವಾಲಯವೇ ಪ್ರಕಟಿಸಿದ ಲೆಕ್ಕ. ಅದೇ ವರದಿ ಈ ಸಾವುಗಳಲ್ಲಿ ಶೇಕಡ 70ಕ್ಕೂ ಹೆಚ್ಚಿಗೆ ಅತಿವೇಗ ಕಾರಣ ಅನ್ನುತ್ತದೆ. ನಾನು ಈ ಮಾತನ್ನು ಇನ್ನೊಂದು ರೀತಿ ಓದುತ್ತೇನೆ. ಸ್ಪೀಡೋಮೀಟರ್ ಎಷ್ಟು ತೋರಿಸುತ್ತಿದೆ ಎಂದು ಆ ಚಾಲಕರಿಗೆಲ್ಲ ಗೊತ್ತಿತ್ತು. ಆ ವೇಗದಲ್ಲಿ ಗಾಡಿ ನಿಲ್ಲಲು ಎಷ್ಟು ಜಾಗ ಬೇಕು ಎಂಬುದು ಬಹುಪಾಲು ಜನರಿಗೆ ಗೊತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ನಿಮ್ಮಲ್ಲಿ ಕಲಿಕೆ ಹೇಗೆ ನಡೆಯುತ್ತದೆ ಎಂದು ನಾವಿಬ್ಬರೂ ಬಲ್ಲೆವು. ಬೆಳಗ್ಗೆ ಆರರ ಹೊತ್ತಿಗೆ ಹೊಸ ಲೇಔಟಿನ ಖಾಲಿ ರಸ್ತೆ. ಕಾರಿನಲ್ಲಿ ಮೂರೋ ನಾಲ್ಕೋ ಮಂದಿ ಕಲಿಯುವವರು. ಒಬ್ಬೊಬ್ಬರಿಗೆ ಹದಿನೈದು ಇಪ್ಪತ್ತು ನಿಮಿಷ. ಕ್ಲಚ್ ಬಿಡು, ಸ್ವಲ್ಪ ಆಕ್ಸಲರೇಟರ್ ಕೊಡು, ಸೆಕೆಂಡ್ ಹಾಕು. ನಿಮ್ಮ ಕಾಲ ಕೆಳಗೂ ಕ್ಲಚ್ಚು ಬ್ರೇಕು ಇರುತ್ತದೆ. ಹಂಪ್ ಬಂದಾಗ, ನಾಯಿ ಅಡ್ಡ ಬಂದಾಗ ನಿಮ್ಮ ಕಾಲು ತಾನಾಗಿ ಅದನ್ನು ಒತ್ತುತ್ತದೆ. ಕಲಿಯುವ ಹುಡುಗಿ ತಾನೇ ನಿಲ್ಲಿಸಿದೆ ಅಂದುಕೊಳ್ಳುತ್ತಾಳೆ. ಎರಡು ವಾರ ಕಳೆಯುವ ಹೊತ್ತಿಗೆ '8' ಮತ್ತು 'ಎಚ್' ಅಭ್ಯಾಸ ಶುರುವಾಗುತ್ತದೆ. ಎಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಬೇಕು, ಯಾವ ಕಂಬ ಕನ್ನಡಿಯಲ್ಲಿ ಕಂಡಾಗ ರಿವರ್ಸಿನಲ್ಲಿ ನೇರ ಮಾಡಬೇಕು ಎಂಬ ಗುರುತುಗಳು ಬಾಯಿಪಾಠವಾಗುತ್ತವೆ. ಆರ್‌ಟಿಒ ಟ್ರ್ಯಾಕಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಐದು ನಿಮಿಷ ಓಡಿಸಿದರೆ ಡಿಎಲ್ ಮನೆಗೆ ಬರುತ್ತದೆ.

ಆ ಟ್ರ್ಯಾಕಿನಲ್ಲಿ ಎದುರಿಂದ ಲಾರಿ ಬರುವುದಿಲ್ಲ. ಕತ್ತಲಿಲ್ಲ, ಮಳೆಯಿಲ್ಲ. ಎಡಗಡೆಯಿಂದ ನುಗ್ಗುವ ಸ್ಕೂಟರಿಲ್ಲ, ಬಸ್ಸಿನ ಮುಂಭಾಗದಿಂದ ಥಟ್ಟನೆ ಇಳಿದು ಓಡುವ ಶಾಲೆಯ ಮಗುವಿಲ್ಲ. ಪರೀಕ್ಷೆಯಲ್ಲಿ ಇಲ್ಲದ್ದು ಪಾಠದಲ್ಲೂ ಇಲ್ಲವಾಗಿದೆ. ನನ್ನ ತಕರಾರೆಲ್ಲ ಇಷ್ಟೇ.

ಕಾನೂನು ನಿಮ್ಮಿಂದ ಇದಕ್ಕಿಂತ ಎಷ್ಟೋ ಹೆಚ್ಚಿನದನ್ನು ಕೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 24ರಿಂದ 31ರವರೆಗಿನ ನಿಯಮಗಳು ನಿಮಗೆಂದೇ ಇರುವಂಥವು. ಕಲಿಸುವವರು ಹತ್ತನೇ ತರಗತಿ ಪಾಸಾಗಿರಬೇಕು, ಐದು ವರ್ಷ ಗಾಡಿ ಓಡಿಸಿದ ಅನುಭವ ಇರಬೇಕು, ಮೋಟಾರು ಮೆಕ್ಯಾನಿಕ್ ಕೋರ್ಸಿನ ಪ್ರಮಾಣಪತ್ರ ಇರಬೇಕು. ಸ್ಕೂಲಿನಲ್ಲಿ ಕಪ್ಪುಹಲಗೆ, ಸಂಚಾರ ಚಿಹ್ನೆಗಳ ಚಾರ್ಟು, ಗೇರ್ ಬಾಕ್ಸು, ಬ್ರೇಕ್ ಡ್ರಮ್ಮು, ಪಂಕ್ಚರ್ ಕಿಟ್ಟು, ಜಾಕು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ನಿಯಮ 31ರ ಪಠ್ಯಕ್ರಮದಲ್ಲಿ ರಸ್ತೆಯ ಮೇಲೆ ಓಡಿಸುವಾಗ ಬೇರೆಯವರ ನಡೆಯನ್ನು ಮೊದಲೇ ಊಹಿಸುವುದು, ಸಂದರ್ಭ ನೋಡಿ ತೀರ್ಮಾನ ಮಾಡುವುದು, ಅದಕ್ಕೆ ತಕ್ಕಂತೆ ನಮ್ಮ ಗಾಡಿಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬುದು ಒಂದು ಪಾಠವಾಗಿಯೇ ಇದೆ. ಕೊನೆಯಲ್ಲಿ ಪ್ರಥಮ ಚಿಕಿತ್ಸೆಯೂ ಇದೆ. ಸ್ವಂತ ಬಳಕೆಯ ವಾಹನಕ್ಕೆ ತರಬೇತಿ 21 ದಿನಕ್ಕೆ ಕಡಿಮೆ ಇರಕೂಡದು, ಸ್ಟೇರಿಂಗ್ ಹಿಡಿದು ಓಡಿಸಿದ ಹೊತ್ತು 10 ಗಂಟೆಗೆ ಕಡಿಮೆ ಇರಕೂಡದು. ಸಾರಿಗೆ ವಾಹನಕ್ಕಾದರೆ 30 ದಿನ, 15 ಗಂಟೆ.

ಇಪ್ಪತ್ತೊಂದು ದಿನ, ದಿನಕ್ಕೆ ಇಪ್ಪತ್ತು ನಿಮಿಷ. ಏಳು ಗಂಟೆ ಆಗುತ್ತದೆ. ನಡುವೆ ಭಾನುವಾರ, ಹಬ್ಬ, ಗಾಡಿ ಸರ್ವಿಸ್‌ಗೆ ಹೋದ ದಿನ ಕಳೆದರೆ ಐದೂ ಉಳಿಯುವುದಿಲ್ಲ. ಉಳಿದ ಗಂಟೆಗಳು ಎಲ್ಲಿ ಹೋದವು?

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಪಕ್ಕದ ಬೀದಿಯಲ್ಲಿ ಇನ್ನೊಂದು ಸ್ಕೂಲು ಐನೂರು ರೂಪಾಯಿ ಕಡಿಮೆಗೆ 'ಲೈಸೆನ್ಸ್ ಸಮೇತ' ಎಂದು ಬೋರ್ಡು ಹಾಕಿದರೆ ನಿಮ್ಮ ಬ್ಯಾಚು ಖಾಲಿಯಾಗುತ್ತದೆ. ಡೀಸೆಲ್ಲು, ಪೆಟ್ರೋಲು, ಇನ್ಶೂರೆನ್ಸು, ಬೇಗ ಸವೆಯುವ ಕ್ಲಚ್ ಪ್ಲೇಟಿನ ಚಿಂತೆ. ಬರುವವರಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆಯೇ 'ಎಷ್ಟು ದಿನಕ್ಕೆ ಲೈಸೆನ್ಸ್ ಸಿಗುತ್ತೆ ಸಾರ್' ಎಂಬುದು. ಎಷ್ಟು ಗಂಟೆ ಓಡಿಸಲು ಕೊಡುತ್ತೀರಿ ಎಂದು ಕೇಳುವವರು ಅಪರೂಪ. ಕಡಿಮೆ ಕೇಳುವವರಿಗೆ ಕಡಿಮೆ ಕೊಟ್ಟರೆ ತಪ್ಪೇನು ಎಂದು ನಿಮಗೆ ಅನ್ನಿಸಬಹುದು. ಆದರೆ ಏನು ಕಲಿಯಬೇಕು ಎಂಬುದು ಕಲಿಯಲು ಬಂದವರಿಗೆ ಗೊತ್ತಿರುವುದಿಲ್ಲ. ಅದು ಗೊತ್ತಿರಬೇಕಾದವರು ಮೇಷ್ಟ್ರು.

ನಮ್ಮ ಅಕ್ಕನ ಮಗಳು ಕಳೆದ ವರ್ಷ ಹೀಗೆಯೇ ಕಲಿತು ಮೊದಲ ಸಲಕ್ಕೇ ಪಾಸಾದಳು. ಒಂದು ಸಂಜೆ ಶಿರಾ ಕಡೆಯಿಂದ ತುಮಕೂರಿಗೆ ಹೆದ್ದಾರಿಯಲ್ಲಿ ಬರುವಾಗ ಕತ್ತಲಾಯಿತು. ನಾನು ಪಕ್ಕದಲ್ಲಿದ್ದೆ. ಲೈಟಿನ ಹೈ ಬೀಮು ಯಾವುದು, ಲೋ ಬೀಮು ಯಾವುದು ಎಂದು ಅವಳಿಗೆ ಗೊತ್ತಿರಲಿಲ್ಲ. ಸ್ಕೂಲಿನಲ್ಲಿ ಒಂದು ದಿನವೂ ಲೈಟು ಹಾಕಿರಲಿಲ್ಲ, ಕಲಿತದ್ದೆಲ್ಲ ಬೆಳಗಿನ ಹೊತ್ತು. ಮೂರನೇ ಗೇರಿನ ಮೇಲೆ ಅವಳು ಹಾಕಿದ್ದೇ ಅಪರೂಪ. ಹಿಂದಿನಿಂದ ಬಸ್ಸು ಲೈಟು ಮಿಣುಕಿಸಿದಾಗ ಗಾಬರಿಯಾಗಿ ಹೆದ್ದಾರಿಯ ನಡುವಿನ ಲೇನಿನಲ್ಲೇ ಬ್ರೇಕ್ ಹಾಕಿ ನಿಲ್ಲಿಸಲು ಹೊರಟಳು. ಹೇಗೋ ಎಡಕ್ಕೆ ಬಂದೆವು. ಅವಳು ಜಾಣೆ, ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುವವಳು. ಆ ಸ್ಕೂಲು ಅವಳಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ಎಲ್ಲ ಪಾಠವೂ ಮುಗಿದಿದೆ ಎಂದು ಬರೆದಿದೆ.

ಹಾಗಾದರೆ ಏನು ಕಲಿಸಬೇಕು? ನಿಮಗೆ ಗೊತ್ತಿಲ್ಲದ್ದನ್ನು ನಾನೇನೂ ಹೇಳಲಾರೆ. ಲಾರಿ, ಬಸ್ಸು ಓಡಿಸಿ ಬಂದು ಮೇಷ್ಟ್ರಾದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಕಣ್ಣು ರಸ್ತೆಯಲ್ಲಿ ಏನೇನು ಓದುತ್ತದೋ ಅದನ್ನೇ ಬಾಯಿಬಿಟ್ಟು ಹೇಳಿ ಎಂಬುದಷ್ಟೇ ನನ್ನ ಬೇಡಿಕೆ. ಕೆಲವನ್ನು ಮಾತ್ರ ಇಲ್ಲಿ ನೆನಪಿಸುತ್ತೇನೆ.

ಮೊದಲನೆಯದು ಅಂತರ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ, 100ರಲ್ಲಿ ಸುಮಾರು 28 ಮೀಟರ್. ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಒಂದು ಸೆಕೆಂಡಂತೂ ಹೋಗಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬ್ರಿಟನ್ನಿನ ಹೈವೇ ಕೋಡ್ ಒಣ ರಸ್ತೆಗೆ ಕೊಡುವ ಲೆಕ್ಕದ ಪ್ರಕಾರ ಗಂಟೆಗೆ 48 ಕಿಲೋಮೀಟರಿನಲ್ಲಿ ಹೋಗುವ ಕಾರು ಒಟ್ಟು 23 ಮೀಟರಿನಲ್ಲಿ ನಿಲ್ಲುತ್ತದೆ, 96ರಲ್ಲಿ ಹೋಗುವುದಕ್ಕೆ 73 ಮೀಟರ್ ಬೇಕು. ಇದನ್ನು ಬೋರ್ಡಿನ ಮೇಲೆ ಬರೆದರೆ ಯಾರ ತಲೆಗೂ ಹೋಗುವುದಿಲ್ಲ. ಲೇಔಟಿನ ಅದೇ ಖಾಲಿ ರಸ್ತೆಯಲ್ಲಿ ಸುಣ್ಣದ ಗೆರೆ ಎಳೆಯಿರಿ. 20ರಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ಹಾಕಿಸಿ, 40ರಲ್ಲಿ ಬಂದು ಅಲ್ಲೇ ಹಾಕಿಸಿ. ಇಳಿದು ಹೋಗಿ ಹೆಜ್ಜೆಯಲ್ಲಿ ಅಳೆಯಲು ಹೇಳಿ. ತಾನೇ ಅಳೆದ ದೂರವನ್ನು ಯಾರೂ ಮರೆಯುವುದಿಲ್ಲ. ಆಮೇಲೆ ಎರಡು ಸೆಕೆಂಡಿನ ನಿಯಮ ಹೇಳಿಕೊಡಿ: ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನಾವು ಆ ಕಂಬ ಮುಟ್ಟಲು ಎರಡು ಸೆಕೆಂಡಾದರೂ ಆಗಬೇಕು, ಮಳೆಯಲ್ಲಿ ನಾಲ್ಕು.

ಆ ಗೆರೆಯ ಹತ್ತಿರವೇ ಇನ್ನೊಂದು ಕೆಲಸ ಆಗಲಿ. 2019ರಿಂದ ಈಚೆಗೆ ಬಂದ ಎಲ್ಲ ಹೊಸ ಕಾರುಗಳಲ್ಲೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದೆ. ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲು ಕಾಲಿನ ಕೆಳಗೆ ದಡದಡ ಅದುರುತ್ತದೆ. ಇದನ್ನು ಒಮ್ಮೆಯೂ ಅನುಭವಿಸದವರು ಏನೋ ಮುರಿಯಿತು ಎಂದು ಹೆದರಿ ಕಾಲು ಎತ್ತಿಬಿಡುತ್ತಾರೆ, ಎತ್ತಲೇಬಾರದ ಗಳಿಗೆಯಲ್ಲಿ. ಒತ್ತಿದ ಕಾಲನ್ನು ಒತ್ತಿಯೇ ಇಟ್ಟು ಸ್ಟೇರಿಂಗ್ ತಿರುಗಿಸಬಹುದು ಎಂಬುದನ್ನು ನೀವು ಪಕ್ಕದಲ್ಲಿದ್ದಾಗಲೇ ಅವರು ಮಾಡಿ ನೋಡಬೇಕು. ಮುಖ್ಯರಸ್ತೆಯಲ್ಲಿ ಮೊದಲ ಸಲ ಅದುರಿದರೆ ಪಾಠಕ್ಕೆ ಸಮಯವಿರುವುದಿಲ್ಲ.

ಓವರ್‌ಟೇಕ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನಮ್ಮ ಎರಡು ಲೇನಿನ ರಾಜ್ಯ ಹೆದ್ದಾರಿಗಳಲ್ಲಿ ಎದುರುಬದುರು ಡಿಕ್ಕಿಗಳು ಆಗುವುದು ಇಲ್ಲಿಯೇ. 60ರಲ್ಲಿ ಹೋಗುತ್ತಿರುವ ಲಾರಿಯನ್ನು 80ರಲ್ಲಿ ದಾಟುತ್ತೇವೆ ಎಂದಿಟ್ಟುಕೊಳ್ಳಿ. ಲಾರಿಗಿಂತ ನಾವು ಹೆಚ್ಚಿಗೆ ಓಡುವುದು ಸೆಕೆಂಡಿಗೆ ಐದೂವರೆ ಮೀಟರ್ ಮಾತ್ರ. ಹಿಂದೆ ಬಿಟ್ಟ ಅಂತರ, ಲಾರಿಯ ಉದ್ದ, ಮುಂದೆ ಬಿಡಬೇಕಾದ ಅಂತರ ಎಲ್ಲ ಸೇರಿ ಅರವತ್ತು ಮೀಟರ್ ಎಂದರೂ ಹನ್ನೊಂದು ಸೆಕೆಂಡು ನಾವು ತಪ್ಪು ಪಕ್ಕದಲ್ಲಿರುತ್ತೇವೆ. ಅಷ್ಟರಲ್ಲಿ ನಾವು ಸುಮಾರು 240 ಮೀಟರ್ ಓಡಿರುತ್ತೇವೆ. ಎದುರಿನವನೂ 80ರಲ್ಲಿ ಬಂದರೆ ಅವನೂ ಅಷ್ಟೇ ಓಡಿರುತ್ತಾನೆ. ಅಂದರೆ ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ರಸ್ತೆ ಖಾಲಿ ಕಾಣಬೇಕು. ಅಷ್ಟು ಕಾಣದಿದ್ದರೆ ಲಾರಿಯ ಹಿಂದೆಯೇ ಇರಬೇಕು. ಈ ಲೆಕ್ಕವನ್ನು ಕಲಿಯುವವರ ಕೈಯಲ್ಲೇ ಒಮ್ಮೆ ಮಾಡಿಸಿ. ಆಮೇಲೆ ನಾಲ್ಕೈದು ಕಿಲೋಮೀಟರ್ ಒಂದು ಲಾರಿಯ ಹಿಂದೆ ಹೋಗುತ್ತ, ಈಗ ದಾಟಬಹುದೇ, ಈಗ ಬೇಡವೇ ಎಂದು ಅವರಿಂದ ಹೇಳಿಸಿ. ದಾಟುವುದು ಬೇಡ. ಹೇಳಿಸುವುದೇ ಪಾಠ. ಲಾರಿ ಚಾಲಕ ಬಲ ಇಂಡಿಕೇಟರ್ ಹಾಕಿದ್ದು 'ದಾಟು' ಎಂದೋ, ತಾನೇ ಬಲಕ್ಕೆ ತಿರುಗುತ್ತಿದ್ದಾನೋ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಇನ್ನೊಬ್ಬರು ಕೊಟ್ಟ ಸನ್ನೆಯನ್ನು ನಂಬಿ ಎಂದೂ ದಾಟಬೇಡ, ನಿನ್ನ ಕಣ್ಣಿಗೆ ರಸ್ತೆ ಕಂಡರೆ ಮಾತ್ರ ದಾಟು ಎಂದು ಹೇಳುವ ಅಧಿಕಾರ ನಿಮಗಿದೆ.

ರಾತ್ರಿಯದು ಬೇರೆಯದೇ ಲೋಕ. ಲೋ ಬೀಮಿನಲ್ಲಿ ಚೆನ್ನಾಗಿ ಕಾಣುವುದು ನಲವತ್ತೋ ಐವತ್ತೋ ಮೀಟರ್. 80ರಲ್ಲಿ ಹೋಗುವ ಕಾರು ನಿಲ್ಲಲು ಅಷ್ಟಕ್ಕಿಂತ ಹೆಚ್ಚು ಜಾಗ ಬೇಕು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ದೀಪವಿಲ್ಲದ, ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ರಸ್ತೆಯಲ್ಲಿರುತ್ತವೆ. ಕಬ್ಬಿನ ಗರಿಯ ಬಣ್ಣಕ್ಕೂ ಕತ್ತಲಿಗೂ ವ್ಯತ್ಯಾಸ ಕಾಣುವುದಿಲ್ಲ. ಬಯಲುಸೀಮೆಯಲ್ಲಿ ಸುಗ್ಗಿ ಬಂದರೆ ರಾಗಿ, ಹುರುಳಿ, ತೊಗರಿ ಒಕ್ಕಣೆ ಡಾಂಬರು ರಸ್ತೆಯ ಮೇಲೆಯೇ ನಡೆಯುತ್ತದೆ. ಹುಲ್ಲಿನ ಮೇಲೆ ಬ್ರೇಕ್ ಹಿಡಿದ ಬೈಕು ನಿಲ್ಲುವುದಿಲ್ಲ, ಜಾರುತ್ತದೆ. ಆ ಹುಲ್ಲು ಬಿಸಿ ಸೈಲೆನ್ಸರಿಗೆ ಸುತ್ತಿಕೊಂಡು ಕಾರಿಗೆ ಬೆಂಕಿ ಹತ್ತುವುದೂ ಉಂಟು. ನಿಮ್ಮ ಊರಿನ ರಸ್ತೆಯಲ್ಲಿ ಯಾವ ತಿಂಗಳು ಏನಿರುತ್ತದೆ ಎಂದು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ, ನೀವೇ ಹೇಳಬೇಕು. ಎದುರಿನವನ ಹೈ ಬೀಮು ಕಣ್ಣಿಗೆ ಹೊಡೆದಾಗ ನೋಟವನ್ನು ರಸ್ತೆಯ ಎಡ ಅಂಚಿನ ಬಿಳಿ ಗೆರೆಗೆ ಇಳಿಸಿ ವೇಗ ತಗ್ಗಿಸುವುದನ್ನು ಒಂದೇ ಒಂದು ರಾತ್ರಿ, ಒಂದು ಗಂಟೆ, ನೀವು ಪಕ್ಕದಲ್ಲಿ ಕೂತು ಕಲಿಸಿದರೆ ಸಾಕು.

ಘಟ್ಟದ ಕೆಳಗೆ, ಮೇಲೆ ಸ್ಕೂಲು ನಡೆಸುವವರಿಗೆ ಶಿರಾಡಿ, ಚಾರ್ಮಾಡಿ, ಆಗುಂಬೆ ಹೊಸ ಹೆಸರುಗಳಲ್ಲ. ಬೆಂಗಳೂರಿನಲ್ಲಿ ಕಲಿತವರು ಮಾತ್ರ ವಾರಾಂತ್ಯಕ್ಕೆ ಮೊದಲ ಸಲ ಅಲ್ಲಿಗೆ ಬರುತ್ತಾರೆ. ಇಳಿಜಾರಿನುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ, ಆದ್ದರಿಂದ ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಕೂಡದು. ಕಿರಿದಾದ ಜಾಗದಲ್ಲಿ ಏರುತ್ತಿರುವ ಗಾಡಿಗೆ ಇಳಿಯುತ್ತಿರುವವರು ದಾರಿ ಬಿಡಬೇಕು. ಇಷ್ಟನ್ನು ಬೆಂಗಳೂರಿನ ಮೇಷ್ಟ್ರು ಹತ್ತು ನಿಮಿಷದಲ್ಲಿ ಹೇಳಿ, ಯಾವುದಾದರೂ ಫ್ಲೈಓವರಿನ ಇಳಿಜಾರಿನಲ್ಲಿ ಕಡಿಮೆ ಗೇರಿನ ಹಿಡಿತ ಹೇಗಿರುತ್ತದೆ ಎಂದು ತೋರಿಸಬಹುದು.

ಮಳೆಯಲ್ಲಿ ಕ್ಲಾಸ್ ರದ್ದು ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮಳೆ ಬಂದ ದಿನವೇ ಕಲಿಸಲು ಒಳ್ಳೆಯ ದಿನ. ಒಣಗಿದ ರಸ್ತೆಗೆ ಬೀಳುವ ಮೊದಲ ಮಳೆ ಎಣ್ಣೆ ಧೂಳನ್ನು ಎಬ್ಬಿಸಿ ರಸ್ತೆಯನ್ನು ಜಾರಿಸುತ್ತದೆ. ಗಾಜು ಒಳಗಿನಿಂದ ಮಂಜಾದರೆ ಯಾವ ಗುಂಡಿ ಒತ್ತಬೇಕು ಎಂಬುದೂ ಎಷ್ಟೋ ಹೊಸಬರಿಗೆ ಗೊತ್ತಿಲ್ಲ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ತುಂಬಿದ್ದ ಮಳೆನೀರಿನಲ್ಲಿ ಕಾರು ಸಿಕ್ಕಿಕೊಂಡು ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಆಳ ಗೊತ್ತಿಲ್ಲದ ನೀರಿಗೆ ಗಾಡಿ ಇಳಿಸಬಾರದು, ಹಿಂದಿನವರು ಎಷ್ಟೇ ಹಾರ್ನ್ ಮಾಡಲಿ ನಿಂತೇ ಇರಬೇಕು. ನಿಲ್ಲುವ ಈ ಧೈರ್ಯವನ್ನೂ ಹೇಳಿಕೊಟ್ಟೇ ಬರಿಸಬೇಕು.

ಇನ್ನು ನೀವು ಕಲಿಸುತ್ತಿರುವ ಒಂದೆರಡನ್ನು ನಿಲ್ಲಿಸಬೇಕು. ನಾಲ್ಕು ದಾರಿ ಸೇರುವಲ್ಲಿ ನೇರ ಹೋಗುವಾಗ ನಾಲ್ಕೂ ಇಂಡಿಕೇಟರ್ ಹಾಕು ಎಂದು ಕೆಲವು ಮೇಷ್ಟ್ರುಗಳು ಹೇಳಿಕೊಡುತ್ತಾರೆ. ಅಡ್ಡರಸ್ತೆಯವನಿಗೆ ನಿಮ್ಮ ಒಂದು ಪಕ್ಕದ ದೀಪ ಮಾತ್ರ ಕಾಣುತ್ತದೆ, ನೀವು ತಿರುಗುತ್ತಿದ್ದೀರಿ ಎಂದು ಅವನು ನುಗ್ಗುತ್ತಾನೆ. ಆ ದೀಪಗಳು ಕೆಟ್ಟು ನಿಂತ ಗಾಡಿಗೆ. ಹಾಗೆಯೇ, ಹಾರ್ನ್ ಒತ್ತಿದ ಮೇಲೆ ದಾರಿ ನಮ್ಮದಾಯಿತು ಎಂಬ ಭಾವನೆಯನ್ನೂ ಬಿಡಿಸಿ. ಬಾಗಿಲು ತೆಗೆಯುವಾಗ ಎಡಗೈಯಲ್ಲಿ ತೆಗೆಯಲು ಹೇಳಿ, ಆಗ ಮೈ ತಾನಾಗಿ ತಿರುಗಿ ಹಿಂದೆ ಬರುವ ಸೈಕಲ್ಲು, ಸ್ಕೂಟರು ಕಣ್ಣಿಗೆ ಬೀಳುತ್ತದೆ.

ಹೊರದೇಶಗಳಲ್ಲಿ ಇದೆಲ್ಲ ಹೇಗೆ ನಡೆಯುತ್ತದೆ ಎಂದು ತಿಳಿದರೆ ನಾನು ಕೇಳುತ್ತಿರುವುದು ಅತಿಯಾಯಿತು ಎಂದು ನಿಮಗೆ ಅನ್ನಿಸಲಾರದು. ಜರ್ಮನಿಯಲ್ಲಿ ಕಾರಿನ ಲೈಸೆನ್ಸ್ ಬೇಕೆಂದರೆ ಮಾಮೂಲಿ ಪಾಠದ ಮೇಲೆ ಊರಾಚೆಯ ರಸ್ತೆಯಲ್ಲಿ ಐದು, ಆಟೋಬಾನ್ ಎಂಬ ಅವರ ಹೆದ್ದಾರಿಯಲ್ಲಿ ನಾಲ್ಕು, ಕತ್ತಲಲ್ಲಿ ಮೂರು ಪಾಠ ಕಡ್ಡಾಯ, ಒಂದೊಂದೂ ನಲವತ್ತೈದು ನಿಮಿಷದ್ದು. ಬ್ರಿಟನ್ನಿನಲ್ಲಿ 2002ರಿಂದ ಲಿಖಿತ ಪರೀಕ್ಷೆಯ ಜೊತೆಗೆ ಅಪಾಯ ಗುರುತಿಸುವ ಪರೀಕ್ಷೆ ಇದೆ: ರಸ್ತೆಯ ವಿಡಿಯೊ ತೋರಿಸುತ್ತಾರೆ, ಅಪಾಯ ರೂಪುಗೊಳ್ಳುತ್ತಿರುವುದು ಕಂಡ ಕೂಡಲೇ ಗುಂಡಿ ಒತ್ತಬೇಕು, ಬೇಗ ಕಂಡಷ್ಟೂ ಅಂಕ ಹೆಚ್ಚು. ನಿಮ್ಮ ಮೊಬೈಲಿನಲ್ಲಿ ನಿಮ್ಮದೇ ಊರಿನ ಸಂತೆ ರಸ್ತೆಯ ವಿಡಿಯೊ ತೆಗೆದು ಇದನ್ನು ನಾಳೆಯೇ ಮಾಡಿಸಬಹುದು, ಖರ್ಚೇನೂ ಇಲ್ಲ.

ನಾರ್ವೆಯ ಅನುಭವ ಮಾತ್ರ ಎಚ್ಚರಿಕೆಯಿಂದ ಕೇಳಬೇಕಾದದ್ದು. ಅಲ್ಲಿ ಹೊಸ ಚಾಲಕರಿಗೆ ಜಾರುವ ರಸ್ತೆಯಲ್ಲಿ ಗಾಡಿ ನಿಭಾಯಿಸುವ ಕೈಚಳಕವನ್ನು ಕಡ್ಡಾಯವಾಗಿ ಕಲಿಸಿದಾಗ ಯುವಕರ ಅಪಘಾತ ತಗ್ಗಲಿಲ್ಲ, ಹೆಚ್ಚಿತು ಎಂದು 1980ರ ದಶಕದ ಅಧ್ಯಯನ ಕಂಡುಕೊಂಡಿತು. ಕೈಚಳಕ ಬಂದವರಿಗೆ ಧೈರ್ಯವೂ ಬಂದಿತ್ತು, ಅಪಾಯದಿಂದ ದೂರ ಇರುವ ಬುದ್ಧಿ ಬಂದಿರಲಿಲ್ಲ. ಆದ್ದರಿಂದ ನಾನು ಮೇಲೆ ಹೇಳಿದ ಯಾವುದನ್ನೂ ಸಾಹಸವಾಗಿ ಕಲಿಸಬೇಡಿ. ಸುಣ್ಣದ ಗೆರೆಯ ಬಳಿ ಹುಡುಗರು ಕಲಿಯಬೇಕಾದದ್ದು 'ನಾನು ಎಷ್ಟು ಬೇಗ ನಿಲ್ಲಿಸಬಲ್ಲೆ' ಎಂಬುದಲ್ಲ, 'ಇಷ್ಟು ಮೊದಲೇ ನಿಧಾನ ಮಾಡಬೇಕಾಗಿತ್ತು' ಎಂಬುದು. ಹೊಸ ಚಾಲಕರ ಅಪಘಾತದ ಅಪಾಯ ರಾತ್ರಿ ಹೊತ್ತಿನಲ್ಲಿ, ಅದೂ ಓರಗೆಯ ಗೆಳೆಯರು ಗಾಡಿಯಲ್ಲಿ ತುಂಬಿಕೊಂಡಾಗ, ಏರುತ್ತದೆ ಎಂದು ಹಲವು ದೇಶಗಳ ಅನುಭವ ಹೇಳುತ್ತದೆ. ನ್ಯೂಜಿಲೆಂಡ್ 1987ರಲ್ಲೇ ಹೊಸಬರಿಗೆ ರಾತ್ರಿ ಒಂಟಿಯಾಗಿ ಓಡಿಸುವುದಕ್ಕೂ, ಗೆಳೆಯರನ್ನು ಕೂರಿಸಿಕೊಳ್ಳುವುದಕ್ಕೂ ಮಿತಿ ಹಾಕಿ ಹಂತಹಂತವಾಗಿ ಲೈಸೆನ್ಸ್ ಕೊಡತೊಡಗಿತು. ನಮ್ಮ ಕಾನೂನಿನಲ್ಲಿ ಅಂಥ ಹಂತವಿಲ್ಲ. ಲೈಸೆನ್ಸ್ ಬಂದ ಮರುದಿನವೇ ಐದು ಜನ ಗೆಳೆಯರೊಂದಿಗೆ ನಂದಿಬೆಟ್ಟಕ್ಕೆ ನಸುಕಿನಲ್ಲಿ ಹೊರಡಬಹುದು. ಮೊದಲ ಆರು ತಿಂಗಳು ಹಾಗೆ ಮಾಡಬೇಡ ಎಂದು ಹೇಳಲು ಕಾನೂನೇ ಬೇಕಿಲ್ಲ, ಮೇಷ್ಟ್ರ ಬಾಯಿ ಸಾಕು. ನಿಮ್ಮ ಮಾತಿಗೆ ಅಪ್ಪನ ಮಾತಿಗಿಂತ ಹೆಚ್ಚು ಬೆಲೆ ಇರುವ ಆ ಕೆಲವೇ ವಾರಗಳಲ್ಲಿ ಹೇಳಿಬಿಡಿ.

ಗದರುವುದರ ಬಗ್ಗೆಯೂ ಒಂದು ಮಾತು. 'ಕಣ್ಣು ಕಾಣಲ್ವಾ', 'ನಿಮಗೆಲ್ಲ ಯಾಕ್ರೀ ಗಾಡಿ' ಎಂದು ಮೇಷ್ಟ್ರುಗಳಿಂದ ಅನ್ನಿಸಿಕೊಂಡ, ನಲವತ್ತು ದಾಟಿದ ಹೆಂಗಸರನ್ನು ನಾನು ಬಲ್ಲೆ. ಹೆದರಿದವರ ಕಣ್ಣು ರಸ್ತೆಯನ್ನು ಬಿಟ್ಟು ಮೇಷ್ಟ್ರ ಮುಖ ನೋಡತೊಡಗುತ್ತದೆ, ಕಾಲು ಯಾವ ಪೆಡಲಿನ ಮೇಲಿದೆ ಎಂಬುದೇ ಮರೆಯುತ್ತದೆ. ಕಲಿಕೆ ಅಲ್ಲಿಗೆ ನಿಂತಿತು. ಅದೇ ನಿಮ್ಮಲ್ಲಿ ಸಮಾಧಾನದಿಂದ ಕಲಿಸಿದವರ ಕೈಯಲ್ಲಿ ಪಳಗಿದ ಎಷ್ಟೋ ಹೆಂಗಸರು ಇಂದು ಮಕ್ಕಳನ್ನು ಶಾಲೆಗೆ ಬಿಟ್ಟು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದು, ಯಾರ ಹಂಗೂ ಇಲ್ಲದೆ ಓಡಾಡುತ್ತಿದ್ದಾರೆ. ಸರ್ಕಾರದ ಎಷ್ಟೋ ಯೋಜನೆಗಳು ಕೊಡಲಾಗದ್ದನ್ನು ನೀವು ಕೊಟ್ಟಿದ್ದೀರಿ. ನಿಮ್ಮ ಕೆಲಸವನ್ನು ನಾನು ಇಷ್ಟು ದೊಡ್ಡದಾಗಿ ಕಾಣದಿದ್ದರೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ.

ಬೈಕು, ಸ್ಕೂಟರಿನವರನ್ನು ನಾವು ಪೂರ್ತಿ ಕೈಬಿಟ್ಟಿದ್ದೇವೆ. 2022ರಲ್ಲಿ ರಸ್ತೆಯಲ್ಲಿ ಸತ್ತವರಲ್ಲಿ ಶೇಕಡ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು, ಮತ್ತು ಅವರಲ್ಲಿ ಸ್ಕೂಲಿಗೆ ಹೋಗಿ ಕಲಿತವರು ಬಹಳ ಕಡಿಮೆ. ಅಣ್ಣ ಹಿಂದೆ ಹಿಡಿದುಕೊಂಡ, ಮೈದಾನದಲ್ಲಿ ಎರಡು ಸುತ್ತು ಹೊಡೆದೆ, ಬಂತು. ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳುತ್ತೀ ಎಂದು ಅಣ್ಣ ಹೇಳಿರುತ್ತಾನೆ. ಬೈಕನ್ನು ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಇರುವುದೇ ಮುಂದಿನ ಬ್ರೇಕಿನಲ್ಲಿ. ಎರಡನ್ನೂ ಒಟ್ಟಿಗೆ, ಹಂತಹಂತವಾಗಿ ಹಿಡಿಯುವುದು, ಲಾರಿಯ ಎಡ ಪಕ್ಕದಲ್ಲಿ ಅದರ ಕನ್ನಡಿಗೆ ಕಾಣದ ಜಾಗದಲ್ಲಿ ನಿಲ್ಲದಿರುವುದು, ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದು, ಇಷ್ಟಕ್ಕೆ ನಾಲ್ಕು ಭಾನುವಾರ ಸಾಕು. ನಿಮ್ಮ ಬಳಿ ಲೈಸೆನ್ಸಿದೆ, ಜಾಗ ಮಾತ್ರ ಬೇಕು. ಕಾಲೇಜಿನ ಪ್ರಿನ್ಸಿಪಾಲರನ್ನು ನೀವೇ ಹೋಗಿ ಕೇಳಿದರೆ ಮೈದಾನ ಕೊಡದಿರಲಾರರು.

ಹದಿನೆಂಟು ತುಂಬದವರನ್ನು ಕರೆತರುವ ಅಪ್ಪಂದಿರಿಗೂ ನೀವೇ ಹೇಳಬೇಕಾಗುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, ಅದರ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಸಿನ ಮಕ್ಕಳು ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. ಇದನ್ನು ನಿಮ್ಮ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಅಂಟಿಸಿ.

2021ರ ಜುಲೈಯಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ ಜಾರಿಯಲ್ಲಿದೆ. ಬಯಲಿನಲ್ಲಿ ಎರಡು ಎಕರೆ ಜಾಗ, ಸಿಮ್ಯುಲೇಟರ್, ಸ್ವಂತ ಟ್ರ್ಯಾಕು, ಕಾರಿಗೆ ನಾಲ್ಕು ವಾರದೊಳಗೆ 29 ಗಂಟೆಯ ಕೋರ್ಸು. ಅಲ್ಲಿ ಪಾಸಾದವರಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿ. ಇಂಥ ಕೇಂದ್ರ ತೆರೆಯುವ ಬಂಡವಾಳ ನಿಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ತಾಲ್ಲೂಕು ಊರುಗಳಲ್ಲಿ ಇನ್ನೂ ಬಹಳ ಕಾಲ ಜನ ಕಲಿಯುವುದು ನಿಮ್ಮ ಒಂದು ಕಾರು, ಒಂದು ಕೋಣೆಯ ಸ್ಕೂಲಿನಲ್ಲೇ. ಆದ್ದರಿಂದಲೇ ನಿಮ್ಮ ಕೈಯಲ್ಲಿ ಆಗುವುದನ್ನಷ್ಟೇ ಕೇಳುತ್ತಿದ್ದೇನೆ.

ಸ್ಟೇರಿಂಗ್ ಹಿಡಿದ ಹೊತ್ತು ಪೂರಾ ಹತ್ತು ಗಂಟೆ ಆಗಲಿ. ಅದರಲ್ಲಿ ಒಂದು ಗಂಟೆ ಕತ್ತಲಲ್ಲಿ, ಒಂದು ಗಂಟೆ ಹೆದ್ದಾರಿಯಲ್ಲಿ, ಒಂದು ಗಂಟೆ ಸಂಜೆಯ ಪೇಟೆ ಬೀದಿಯಲ್ಲಿ. ಮಳೆ ಬಂದರೆ ಮಳೆಯಲ್ಲಿ. ಇದಕ್ಕೆ ಎಷ್ಟು ಹಣ ಬೇಕೋ ಅಷ್ಟನ್ನು ಮುಚ್ಚುಮರೆಯಿಲ್ಲದೆ ಕೇಳಿ. ನಿಮ್ಮ ಊರಿನ ಸ್ಕೂಲುಗಳವರೆಲ್ಲ ಒಟ್ಟಿಗೆ ಕೂತು ಹತ್ತು ಗಂಟೆಗೆ ಇಷ್ಟು ಎಂದು ಒಂದೇ ದರ ಗೊತ್ತು ಮಾಡಿದರೆ ಐನೂರು ರೂಪಾಯಿಯ ಪೈಪೋಟಿ ತಾನಾಗಿ ನಿಲ್ಲುತ್ತದೆ. ಎಂಟು ಹತ್ತು ಲಕ್ಷದ ಕಾರು ಕೊಳ್ಳುವ ಮನೆಯವರು ಮಗನ ಜೀವಕ್ಕೆ ಎರಡು ಮೂರು ಸಾವಿರ ಹೆಚ್ಚು ಕೊಡುವುದಕ್ಕೆ ಹಿಂದೆ ಮುಂದೆ ನೋಡುವುದಿಲ್ಲ, ಏಕೆ ಕೊಡಬೇಕು ಎಂದು ನೀವು ಬಿಡಿಸಿ ಹೇಳಿದರೆ.

ಕೊನೆಯದಾಗಿ ಫಾರಂ 15. ಯಾವ ವಿದ್ಯಾರ್ಥಿ ಯಾವ ದಿನ ಎಷ್ಟು ಹೊತ್ತು ಗಾಡಿ ಓಡಿಸಿದ ಎಂದು ಬರೆಯುವ ರಿಜಿಸ್ಟರು. ನಿಯಮದ ಪ್ರಕಾರ ಅದು ನಿಮ್ಮ ಸ್ಕೂಲಿನಲ್ಲಿ ಇರಲೇಬೇಕು, ಇದ್ದೇ ಇರುತ್ತದೆ ಎಂದು ನಂಬುತ್ತೇನೆ. ಅದನ್ನು ಬೀರುವಿನಿಂದ ತೆಗೆದು ಕಾರಿನ ಡ್ಯಾಶ್‌ಬೋರ್ಡಿನ ಮೇಲಿಡಿ. ಪ್ರತಿ ದಿನದ ಪಾಠ ಮುಗಿದ ಕೂಡಲೇ ಕಲಿಯುವವರ ಕೈಗೇ ಪೆನ್ನು ಕೊಟ್ಟು, ಶುರುವಾದ ಹೊತ್ತು, ಮುಗಿದ ಹೊತ್ತು ಅವರಿಂದಲೇ ಬರೆಸಿ. ಹತ್ತು ಗಂಟೆ ತುಂಬದವರಿಗೆ ಫಾರಂ 5ರ ಪ್ರಮಾಣಪತ್ರಕ್ಕೆ ಸಹಿ ಹಾಕಬೇಡಿ. ಬರುವ ಸೋಮವಾರ ಸೇರುವ ಬ್ಯಾಚಿನಿಂದಲೇ ಇದನ್ನು ಶುರು ಮಾಡಿ.

ನಿಮ್ಮ ವಿಶ್ವಾಸಿ,
ನಿಮ್ಮ ವಿದ್ಯಾರ್ಥಿಗಳು ಓಡಾಡುವ ರಸ್ತೆಯಲ್ಲೇ ಓಡಾಡುವ ಒಬ್ಬ ಕನ್ನಡಿಗ